ಕ್ರೌನ್ ಎಣ್ಣೆ

ನಮ್ಮ ಸವದತ್ತಿ ಕಡೆಯ ಗ್ಯಾರೇಜುಗಳಲ್ಲಿ 'ಡಿಫರೆನ್ಷಿಯಲ್' ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ಮಿಸ್ತ್ರಿಗಳಿಗೆ ಅದು 'ಕ್ರೌನ್'. ಒಳಗಿರುವ ದೊಡ್ಡ ಹಲ್ಲುಗಾಲಿ ಕಿರೀಟದ ಹಾಗೆ ಕಾಣುತ್ತದೆ. ಅದರ ಹೆಸರೇ ಇಡೀ ಗಡ್ಡೆಗೆ ಬಂದಿದೆ. ಮೊದಲು ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ ಕಂಡ ನನಗೆ ಎರಡೂ ಪಾಠಗಳಲ್ಲಿ ಇದಕ್ಕೊಂದು ಹೆಸರು ಸಿಕ್ಕಿರಲಿಲ್ಲ. ಇಂಗ್ಲಿಷಿನ ಒಂದು ಶಬ್ದ ಬಿಟ್ಟು ಇನ್ನೊಂದನ್ನು ಹಿಡಿದ ಮಿಸ್ತ್ರಿಗಳ ಆಯ್ಕೆ ನನಗೆ ಹಿಡಿಸುತ್ತದೆ. ಕಣ್ಣಿಗೆ ಕಂಡದ್ದನ್ನು ಅವರು ಹೆಸರಾಗಿಸಿದ್ದಾರೆ.

ಅಬ್ಬಾ ಬಿಟ್ಟುಹೋದ ಹಳೆಯ ಮಹೀಂದ್ರಾ ಜೀಪಿಗೆ ಇಂಥ ಕ್ರೌನು ಎರಡು, ಮುಂದೊಂದು ಹಿಂದೊಂದು. ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿಗೆ ಇಳಿಯುವುದಾದರೆ ಟ್ರ್ಯಾಕ್ಟರ್ ಬಿಟ್ಟರೆ ಇದೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿಯನ್ನು ಇದರಲ್ಲಿ ಹೊತ್ತು ಅಬ್ಬಾ ನಮ್ಮ ಶಾಲೆಯ ಫೀ ಕಟ್ಟಿದರು. 'ಉಧೋ ಉಧೋ' ಎನ್ನುತ್ತ ಭಂಡಾರ ಹಾರಿಸಿಕೊಂಡು ಹತ್ತುತ್ತಿದ್ದರು. ಹಿಂದಿನ ಸೀಟಿನ ಹೊಲಿಗೆಯ ಸಂದಿಯಲ್ಲಿ ಇಂದಿಗೂ ಅರಿಸಿನ ಕಾಣುತ್ತದೆ.

ಚಕ್ಕಡಿಗೆ ಕ್ರೌನ್ ಬೇಕಿಲ್ಲ. ಅದರ ಅಚ್ಚು ನಿಂತೇ ಇರುತ್ತದೆ, ಎರಡು ಗಾಲಿಗಳು ತಮ್ಮ ತಮ್ಮ ಪಾಡಿಗೆ ಉರುಳುತ್ತವೆ. ಎಳೆಯುವ ಬಲ ಎತ್ತಿನ ಹೆಗಲಿನದು. ಎಂಜಿನ್ನಿನ ಬಲ ಗಾಲಿಗೇ ಹೋಗುವ ಗಾಡಿಯಲ್ಲಿ ಹಾಗಲ್ಲ. ಗುಡ್ಡದ ತಿರುವಿನಲ್ಲಿ ಹೊರಗಿನ ಗಾಲಿಗೆ ದಾರಿ ಉದ್ದ, ಒಳಗಿನದಕ್ಕೆ ಗಿಡ್ಡ. ಇಬ್ಬರಿಗೂ ಬಲ ಹಂಚುತ್ತಲೇ ಹೆಚ್ಚುಕಡಿಮೆಯನ್ನು ಸಹಿಸಿಕೊಳ್ಳುವುದು ಆ ಗಡ್ಡೆಯೊಳಗಿನ ಪುಟ್ಟ ಹಲ್ಲುಗಾಲಿಗಳ ಕೆಲಸ. ಹಲ್ಲಿಗೆ ಹಲ್ಲು ಒತ್ತುವ ಆ ಭಾರಕ್ಕೆ ಎಂಜಿನ್ ಎಣ್ಣೆ ಸಾಲದು. ಗಂಧಕ ಸೇರಿದ ದಪ್ಪನೆಯ ಗೇರ್ ಎಣ್ಣೆ, ತೊಂಬತ್ತು ನಂಬರಿನದು, ಬೇಕು. ಹಳೆಯದಾದಾಗ ಅದರ ವಾಸನೆ ಕೈಯಿಂದ ಎರಡು ದಿನ ಹೋಗುವುದಿಲ್ಲ.

ಈ ಸಲ ಎಣ್ಣೆ ಬದಲಿಸಿದ್ದು ಮನೆಯ ಅಂಗಳದಲ್ಲೇ. ಕೈ ಹಾಕಿದವನು ತಂಗಿಯ ಮಗ. 2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಅವನು ಏಳನೆಯ ಇಯತ್ತೆ. ಬೀಗ ತೆಗೆಯುವ ಹೊತ್ತಿಗೆ ಕೈಯಲ್ಲಿ ಪಾನಾ ಹಿಡಿದಿದ್ದ, ಮತ್ತೆ ಶಾಲೆಗೆ ಹೋಗಲಿಲ್ಲ. ಮನೆಯಲ್ಲಿ ನಮ್ಮ ಮಾತು ದಖನಿ. ಗಾಡಿಯ ಮಾತು ಬಂದರೆ ಹುಡುಗ ತಾನಾಗಿಯೇ ಕನ್ನಡಕ್ಕೆ ಹೊರಳುತ್ತಾನೆ.

"ಮಾಮೂ, ಮೊದಲ ಮ್ಯಾಲಿನ ಬೂಚು ಬಿಚ್ಚಬೇಕು," ಎಂದ. ಹೊಸ ಎಣ್ಣೆ ಸುರಿಯುವ ತೂತಿನ ಬೂಚು ಅದು. ಹಳೆಯದನ್ನು ಚೆಲ್ಲಿ ಕುಳಿತ ಮೇಲೆ ಆ ಬೂಚು ತುಕ್ಕು ಹಿಡಿದು ಬರದೇ ಹೋದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಅದಕ್ಕೂ ಮುಂಚೆ ಜೀಪನ್ನು ಎರಡು ಮೈಲು ಓಡಿಸಿ ತಂದಿದ್ದ. ಬೆಚ್ಚಗಿದ್ದರೆ ಎಣ್ಣೆ ತಳದ ಹೊಲಸನ್ನೂ ಎಳೆದುಕೊಂಡು ಬರುತ್ತದೆ. ನಮ್ಮ ಹಿಂದಿನ ಕ್ರೌನಿಗೆ ತಳದ ಬೂಚಿಲ್ಲ, ಹತ್ತು ಬೋಲ್ಟು ತೆಗೆದು ಮುಚ್ಚಳವನ್ನೇ ಕಳಚಬೇಕು. ಕೆಳಗಿನ ಬೋಲ್ಟುಗಳನ್ನು ಮೊದಲು ಬಿಡಿಸಿ, ಮೇಲಿನೆರಡನ್ನು ಸಡಿಲಾಗಿ ಬಿಟ್ಟು, ಮುಚ್ಚಳವನ್ನು ಮೆಲ್ಲಗೆ ಮೀಟಿದ. ಕಪ್ಪು ಎಣ್ಣೆ ಬೋಗುಣಿಗೆ ಇಳಿಯಿತು. ಬೆರಳಿಗೆ ಸವರಿಕೊಂಡು ಬಿಸಿಲಿಗೆ ಹಿಡಿದು ನೋಡಿದ. ಬೂದಿಯಂಥ ನುಣುಪು ಪುಡಿಯಾದರೆ ಸವೆತ ಸಹಜ. ಚೂರು ಸಿಕ್ಕರೆ ಹಲ್ಲು ಮುರಿದಿದೆ ಎಂದರ್ಥ. ಚೂರು ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಗೆ ನೀರು ನುಗ್ಗಿದಾಗ ಜೀಪು ಮೊಣಕಾಲುದ್ದ ನೀರಿನಲ್ಲಿ ಓಡಾಡಿತ್ತು. ಆ ಸಲ ಇಳಿದ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣದ್ದು. ಕಾದ ಗಡ್ಡೆ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಉಸಿರಾಡಲೆಂದು ಮೇಲೊಂದು ಸಣ್ಣ ನಳಿಕೆಯಿದೆ, ಅದು ಕೆಸರು ಕಟ್ಟಿದರೂ ಕೆಟ್ಟದ್ದೇ; ಬಿಸಿಯಾದ ಎಣ್ಣೆ ಸೀಲು ಒಡೆದು ಗಾಲಿಯ ಬ್ರೇಕಿಗೆ ಇಳಿಯುತ್ತದೆ. ನಳಿಕೆಯನ್ನು ಊದಿ ನೋಡಿದ.

ಮುಚ್ಚಳ ತೆರೆದಿದ್ದರಿಂದ ಹಲ್ಲುಗಳು ಬತ್ತಲಾಗಿದ್ದವು. ಎಷ್ಟಿವೆ ಎಂದು ಕೇಳಿದೆ. ಎಣಿಸಲೇ ಇಲ್ಲ.

"ಕ್ರೌನಿಗೆ 43, ಪಿನಿಯನ್ನಿಗೆ 8. ಪಿನಿಯನ್ ಐದು ಸುತ್ತು ಹೊಡದ್ರ ಇನ್ನೂ ಮೂರು ಹಲ್ಲು ಉಳೀತಾವು. ಮುಂದಿಂದೂ ಇಷ್ಟ ಇರಬೇಕ್ರೀ ಮಾಮೂ. ಅದಕ್ಕ ಬ್ಯಾರೆ ಲೆಕ್ಕದ್ದು ಹಾಕಿ ನಾಲ್ಕೂ ಗಾಲಿ ಜೋಡಿಸಿದ್ರ ಒಂದಕ್ಕೊಂದು ಜಗ್ಯಾಡಿ ಗೇರ್ ಹರೀತಾವು."

ಭಾಗಾಕಾರ, ಶೇಷ, ಅನುಪಾತ, ಎಲ್ಲವೂ ಆ ಮಾತಿನಲ್ಲಿತ್ತು. ಶಾಲೆಯಲ್ಲಿದ್ದಾಗ ಅವನ ಗಣಿತದ ಅಂಕಗಳನ್ನು ನಾನು ನೋಡಿದ್ದೇನೆ.

2006ರ ಸಾಚಾರ್ ಸಮಿತಿಯ ವರದಿ, 6ರಿಂದ 14ರ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದಿತ್ತು. ಹಾಗೆ ಬಿಟ್ಟವರು ಎಲ್ಲಿದ್ದಾರೆಂದು ನಮ್ಮೂರಲ್ಲಿ ಹುಡುಕುವುದು ಕಷ್ಟವಲ್ಲ; ಯಾವುದಾದರೂ ಗಾಡಿಯ ಕೆಳಗೆ ಬಗ್ಗಿ ನೋಡಿದರಾಯಿತು. ಕೈಯ ವಿದ್ಯೆಯನ್ನು ಹೊಗಳಿ ಬರೆಯುವ ನನ್ನಂಥವರ ಮಕ್ಕಳು ಕಾಲೇಜಿನಲ್ಲಿದ್ದಾರೆ ಎಂಬುದನ್ನೂ ಹೇಳಬೇಕು. ಹುಡುಗನಿಗೆ ಐಟಿಐಗೆ ಸೇರುವ ಆಸೆ. ಮೋಟಾರು ಮೆಕ್ಯಾನಿಕ್ ವಿಭಾಗಕ್ಕೆ ಎಸ್ಸೆಸ್ಸೆಲ್ಸಿ ಆಗಿರಬೇಕು. ಅಲ್ಲಿ ಕಲಿಸುವುದರಲ್ಲಿ ಅರ್ಧ ಇವನಿಗೆ ಈಗಲೇ ಗೊತ್ತು. ಆದರೆ ಬಾಗಿಲು ತೆರೆಯುವುದು ಕಾಗದಕ್ಕೆ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂಡಬಹುದು, ಬೇಕಾದರೆ ಉರ್ದುವಿನಲ್ಲಿಯೇ ಬರೆಯಬಹುದು ಎಂದು ಹೇಳಿದೆ. ಮಾತಾಡದೆ ಮುಚ್ಚಳದ ಹಳೆಯ ಪ್ಯಾಕಿಂಗ್ ಕೆರೆಯುತ್ತಿದ್ದ.

ಹೊಸ ಪ್ಯಾಕಿಂಗ್ ಇಟ್ಟು ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ. ಎಣ್ಣೆ ಒಂದೂಕಾಲು ಲೀಟರಿನಷ್ಟು ಹಿಡಿಯಿತು. ತೂತಿನ ಅಂಚಿನವರೆಗೆ ಬಂದು ಹನಿ ಹೊರಗಿಣುಕಿದ್ದನ್ನು ಕಿರುಬೆರಳಿಟ್ಟು ನೋಡಿ ಬೂಚು ಹಾಕಿದ. ಮುಂದಿನದಕ್ಕೂ ಅದೇ ಕೆಲಸ. ಹಳೆಯ ಎಣ್ಣೆ ಡಬ್ಬಿಗೆ ಹೋಯಿತು. ಗಟಾರಕ್ಕೆ ಚೆಲ್ಲಿದರೆ ಅದು ಮಳೆಯಲ್ಲಿ ಮಲಪ್ರಭೆಯನ್ನೇ ಸೇರುತ್ತದೆ.

ತಂಗಿ ಚಹಾ ತಂದಳು. ಅರ್ಜಿಯ ಮಾತೆತ್ತಿದೆ. ವಾರದ ಪಗಾರವನ್ನು ಅವನು ತಂದು ಕೊಡುವುದೇ ಅವಳ ಕೈಗೆ. "ಜಾತ್ರಿ ಮುಗೀಲಿ ಭಾಯಿಜಾನ್, ಈಗ ಗ್ಯಾರೇಜಿಗೆ ಗಾಡಿ ಬಾಳ ಬರ್ತಾವು," ಎಂದಳು. ಜಾತ್ರೆ ಮುಗಿಯುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿರುತ್ತದೆ ಎಂದೆ. ಅವಳು ಮಗನ ಕಡೆ ನೋಡಿದಳು. ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ.