ಸೆಪ್ಟೆಂಬರ್ 17: ಫಿಲಡೆಲ್ಫಿಯಾ ಮತ್ತು ಮುಡಬಿ



ಸೆಪ್ಟೆಂಬರ್ 17 ಎಂದೊಡನೆ ಬಸವಕಲ್ಯಾಣ, ಹುಮನಾಬಾದ ಸೀಮೆಯ ನಮಗೆ ನೆನಪಾಗುವುದು 1948ನೆಯ ಇಸವಿ. ಆ ತಿಂಗಳ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕದನವಿರಾಮ ಸಾರಿದರು. ದೇಶ ಸ್ವತಂತ್ರವಾದ ಹದಿಮೂರು ತಿಂಗಳ ತರುವಾಯ ಮುಡಬಿಗೆ ಸ್ವಾತಂತ್ರ್ಯ ಬಂದಿತು. ಅದೇ ತಾರೀಖು ಅಮೆರಿಕದಲ್ಲಿಯೂ ದೊಡ್ಡದು. 1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯಾ ನಗರದಲ್ಲಿ ಅವರ ಸಂವಿಧಾನದ ಕರಡಿಗೆ 39 ಮಂದಿ ಸಹಿ ಹಾಕಿದರು. ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆಗಳೆಲ್ಲ ಆ ದಿನದ ನೆನಪಿಗೆ ಸಂವಿಧಾನದ ಪಾಠ ಹೇಳಬೇಕೆಂದು 2004ರಲ್ಲಿ ಅಲ್ಲಿ ಕಾನೂನೇ ಆಗಿದೆ.

ಹೀಗಾಗಿ ನ್ಯೂಜೆರ್ಸಿಯ ಪ್ರೌಢಶಾಲೆಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಪ್ರತಿವರ್ಷ ಆ ಹೊತ್ತಿಗೆ ಕ್ರಾಂತಿ, ಸಂವಿಧಾನಗಳ ಕುರಿತು ಬರೆಯುವ ಕೆಲಸ ಬೀಳುತ್ತದೆ. ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಅವಳ ಫೋನು ಬರುತ್ತದೆ. ನಮ್ಮ ಮಕ್ಕಳಿಗೆ ನಾವು ಕಾರಣಗಳು, ಪರಿಣಾಮಗಳು ಎಂದು ಎರಡು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದೆವು. 1765ರ ಮುದ್ರಾಂಕ ಶಾಸನ, 1773ರಲ್ಲಿ ಬಾಸ್ಟನ್ ಬಂದರಿನ ನೀರಿಗೆ ಬಿದ್ದ ಈಸ್ಟ್ ಇಂಡಿಯಾ ಕಂಪನಿಯ ಚಹಾ, 1776ರ ಘೋಷಣೆ: ಇಷ್ಟಾದರೆ ಅಂಕ ಬಂದವು. ಅವಳಿಗೆ ಕೊಡುವ ಪ್ರಶ್ನೆಗಳ ರೀತಿಯೇ ಬೇರೆ.

ಈ ಸಲ ಅವಳು ಕೇಳಿದ್ದು ಇದು: “ಮುತ್ಯಾ, ಎಲ್ಲಾರೂ ಸಮಾನ ಅಂತ ಬರದ ಮಂದೀನೇ ಹನ್ನೊಂದು ವರ್ಷದ ಮ್ಯಾಲ ಗುಲಾಮರನ್ನ ಐದರಾಗ ಮೂರು ಪಾಲು ಅಂತ ಯಾಕ ಎಣಿಸಿದ್ರು?”

ಈ ಲೆಕ್ಕವನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಜನಸಂಖ್ಯೆಯ ಪ್ರಮಾಣದಲ್ಲಿ ಪ್ರತಿನಿಧಿಗಳ ಸ್ಥಾನಗಳನ್ನು ಹಂಚಬೇಕಾಗಿತ್ತು. ಗುಲಾಮರನ್ನು ಪೂರ್ತಿಯಾಗಿ ಎಣಿಸಬೇಕೆಂದು ಹಟ ಹಿಡಿದವರು ದಕ್ಷಿಣದ ರಾಜ್ಯಗಳವರು, ಎಂದರೆ ಗುಲಾಮರ ಒಡೆಯರು. ಎಣಿಕೆ ಹೆಚ್ಚಿದಷ್ಟೂ ಸ್ಥಾನಗಳು ಅವರಿಗೆ. ಎಣಿಸಲ್ಪಟ್ಟವನಿಗೆ ಮತವೂ ಇಲ್ಲ, ಮಾತೂ ಇಲ್ಲ. ಉತ್ತರದವರು ಒಪ್ಪದಿರಲು ಐವರನ್ನು ಮೂವರೆಂದು ಎಣಿಸುವ ರಾಜಿಯಾಯಿತು. ಗುಲಾಮ ಎಂಬ ಪದವನ್ನು ಮಾತ್ರ ಆ ಪತ್ರದಲ್ಲಿ ಎಲ್ಲಿಯೂ ಬರೆಯಲಿಲ್ಲ. ನಾಚಿಕೆಯಿದ್ದುದರಿಂದಲೇ ಬರೆಯಲಿಲ್ಲವೆಂದು ನನ್ನ ಭಾವನೆ. ಸಮಾನತೆಯ ಘೋಷಣೆಯನ್ನು ಬರೆದ ಜೆಫರ್ಸನ್ನರೂ ಗುಲಾಮರನ್ನು ಇಟ್ಟುಕೊಂಡವರೇ. ಆ ಪದ್ಧತಿ ಅಳಿಯಲು ನಾಲ್ಕು ವರ್ಷದ ಅಂತರ್ಯುದ್ಧ ನಡೆದು 1865 ಬರಬೇಕಾಯಿತು.

ಇಷ್ಟನ್ನು ಕೇಳಿಸಿಕೊಂಡ ಮೊಮ್ಮಗಳಿಗೆ ಹುರುಪು ಬಂದಿತು. ಮನೆತನದ ಊರಿನ ಇತಿಹಾಸದೊಡನೆ ಹೋಲಿಸಿ ಒಂದು ಪುಟ ಬರೆಯಬೇಕಿತ್ತಂತೆ. ಫಿಲಡೆಲ್ಫಿಯಾಕ್ಕಿಂತ ಆರು ನೂರು ವರ್ಷ ಮೊದಲೇ ಕಲ್ಯಾಣದಲ್ಲಿ ಸಂಸತ್ತಿತ್ತು ಎಂದು ಬರೆಯಲೇ ಎಂದಳು. ನಮ್ಮ ಸಭೆಗಳಲ್ಲಿ ಈ ಮಾತನ್ನು ಕೇಳಿ ನಾವೆಲ್ಲರೂ ಚಪ್ಪಾಳೆ ತಟ್ಟಿದ್ದೇವೆ. ಆದರೂ ಹಾಗೆ ಬರೆಯಬೇಡವೆಂದೆ. ಸಂಸತ್ತು ಕಾನೂನು ಮಾಡುತ್ತದೆ, ತೆರಿಗೆ ಹಾಕುತ್ತದೆ. ಅನುಭವ ಮಂಟಪದ ಕೈಯಲ್ಲಿ ರಾಜ್ಯವಿರಲಿಲ್ಲ. ರಾಜ್ಯವಿದ್ದುದು ಬಿಜ್ಜಳನ ಕೈಯಲ್ಲಿ. ಫಿಲಡೆಲ್ಫಿಯಾದ ಚರ್ಚೆಗಳನ್ನು ಮ್ಯಾಡಿಸನ್ನರು ದಿನದಿನವೂ ಬರೆದಿಟ್ಟುಕೊಂಡರು. ಶರಣರ ಗೋಷ್ಠಿಯ ಚಿತ್ರ ನಮಗೆ ಸಿಕ್ಕುವುದು ವಚನಗಳಿಂದ ಮತ್ತು ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅವಳ ಶಿಕ್ಷಕರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಬರೆಯಬೇಕಾದುದು ಬಾಗಿಲಿನ ವಿಷಯ. ಫಿಲಡೆಲ್ಫಿಯಾದ ಸಭೆಗೆ ಬಂದವರು 55 ಮಂದಿ. ಅವರಲ್ಲಿ ಒಬ್ಬ ಹೆಣ್ಣುಮಗಳಿಲ್ಲ, ಒಬ್ಬ ಕಪ್ಪುಜನಾಂಗದವನಿಲ್ಲ. ಕಲ್ಯಾಣದ ಪರಂಪರೆ ಹೆಸರಿಸುವವರನ್ನು ನೋಡಿರಿ: ತೊಗಲು ಹದಮಾಡುವ ಡೋಹರ ಕಕ್ಕಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯುವ ಲಕ್ಕಮ್ಮ. ಆ ಬಾಗಿಲು ತೆರೆದುದಕ್ಕೆ ತೆತ್ತ ಬೆಲೆಯನ್ನೂ ಬರೆ ಎಂದೆ. ಹರಳಯ್ಯ, ಮಧುವರಸರ ಮನೆಗಳ ನಡುವೆ ನಡೆದ ಮದುವೆಗಾಗಿ ಅವರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ; ಶರಣರು ಚದುರಿಹೋದರು. ಅವರ ಪಕ್ಷದಲ್ಲಿ ಯಾವ ಸಂವಿಧಾನವೂ ಇರಲಿಲ್ಲ. ಎಂಟು ಶತಮಾನಗಳ ಬಳಿಕವೂ ಇದೇ ನೆಲದ ಎಷ್ಟೋ ಊರುಗಳಲ್ಲಿ ಕೆಲವರಿಗೆ ಬಾವಿಯ ಮೆಟ್ಟಿಲು ಇಳಿಯಲು ಬಿಡದೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಅಸ್ಪೃಶ್ಯತೆಯನ್ನು ಅಪರಾಧವೆಂದು ದೇಶದ ಕಾನೂನು ಹೇಳಿದ್ದು ಸಂವಿಧಾನದ 17ನೆಯ ವಿಧಿಯಿಂದ.

ಆ ಸಂವಿಧಾನ ಮುಡಬಿಗೆ ಬಂದ ದಾರಿಯೂ ವಿಚಿತ್ರವೇ. 1947ರ ಆಗಸ್ಟಿನಲ್ಲಿ ನಿಜಾಮರು ಒಕ್ಕೂಟಕ್ಕೆ ಸೇರಲಿಲ್ಲ. ರಜಾಕಾರರ ಹಾವಳಿಯಲ್ಲಿ ಎಷ್ಟೋ ಮನೆತನಗಳು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು; 1948ರ ಮೇ ತಿಂಗಳಲ್ಲಿ ನಮ್ಮ ಸೀಮೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ನಿರಪರಾಧಿ ಮುಸಲ್ಮಾನರ ಮೇಲೆಯೂ ಹಿಂಸೆ ನಡೆಯಿತು. ಒಂದನ್ನು ಬರೆದು ಇನ್ನೊಂದನ್ನು ಬಿಡಬೇಡವೆಂದು ಅವಳಿಗೆ ಎರಡು ಸಲ ಹೇಳಿದೆ.

ದೆಹಲಿಯ ಸಂವಿಧಾನ ಸಭೆಯಲ್ಲಿ ಹೈದರಾಬಾದಿನ ಪ್ರತಿನಿಧಿಗಳೇ ಇರಲಿಲ್ಲ. 1949ರ ನವೆಂಬರ್ 23ರಂದು ನಿಜಾಮರು ಒಂದು ಫರ್ಮಾನು ಹೊರಡಿಸಿ, ಭಾರತದ ಸಂವಿಧಾನವೇ ತಮ್ಮ ಸಂಸ್ಥಾನದ ಸಂವಿಧಾನವೆಂದು ಒಪ್ಪಿಕೊಂಡರು. ಅರಸನ ಅಪ್ಪಣೆಯ ಮೂಲಕ ಪ್ರಜಾಪ್ರಭುತ್ವ! ಮೊಮ್ಮಗಳು ಇದನ್ನು ಕೇಳಿ ನಕ್ಕಳು. ಒಡನೆಯೇ ರೋಡ್ ಐಲೆಂಡ್ ರಾಜ್ಯದ ಮಾತೆತ್ತಿದಳು. ಹದಿಮೂರು ರಾಜ್ಯಗಳಲ್ಲಿ ಅದೊಂದೇ ಫಿಲಡೆಲ್ಫಿಯಾಕ್ಕೆ ಯಾರನ್ನೂ ಕಳುಹಿಸಿರಲಿಲ್ಲ; ಎಲ್ಲರಿಗಿಂತ ಕಡೆಗೆ, 1790ರ ಮೇ ತಿಂಗಳಲ್ಲಿ, ಅದು ಸಂವಿಧಾನವನ್ನು ಒಪ್ಪಿತು. ಈ ಹೋಲಿಕೆ ನನಗೆ ಹೊಳೆದಿರಲಿಲ್ಲ. ಅವಳ ಪುಟಕ್ಕೆ ಅದೇ ತಲೆಬರಹವಾಯಿತು: ಬಾರದಿದ್ದವರು.

ಕೊನೆಯಲ್ಲಿ ಅವಳಿಗೆ ಮತದಾನದ ವಿಷಯ ಬೇಕಾಗಿತ್ತು. ಅಮೆರಿಕದ ಸಂವಿಧಾನದಲ್ಲಿ ಹೆಣ್ಣುಮಕ್ಕಳ ಮತದ ಹಕ್ಕಿಗೆ ಜಾಗ ದೊರೆತದ್ದು 1920ರಲ್ಲಿ. ದಕ್ಷಿಣದ ಕಪ್ಪುಜನರ ಮತಕ್ಕೆ ನಿಜವಾದ ರಕ್ಷಣೆ ದೊರೆತದ್ದು 1965ರ ಕಾನೂನಿನಿಂದ. ನಮ್ಮಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲಿಯೇ 21 ತುಂಬಿದ ಗಂಡು ಹೆಣ್ಣು, ಒಡೆಯ ಆಳು ಎಲ್ಲರಿಗೂ ಒಂದೊಂದು ಮತ. ನಮ್ಮ ಅಪ್ಪ ಶಾಲೆಯಲ್ಲಿ ಉರ್ದು ಕಲಿತವರು. ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು.

“ಅವರು ಯಾವ ಪೆಟ್ಟಿಗ್ಯಾಗ ಹಾಕಿದ್ರು ಮುತ್ಯಾ?” ಎಂದು ಮೊಮ್ಮಗಳು ಕೇಳಿದಳು.

ಅಪ್ಪ ಹಲವು ವರ್ಷ ಇದನ್ನೇ ಕೇಳಿದ್ದರು. ಅವ್ವ ಹೇಳಲಿಲ್ಲ.