ಚಪ್ಪರದಾಚೆಯ ಶ್ರೋತೃಗಳು

ಬೆಂಗಳೂರಿನ ಬೇಸಗೆಗೆ ಮಾವು ಮಲ್ಲಿಗೆಗಳಷ್ಟೇ ಸಂಗೀತವೂ ಭೂಷಣ. ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶ್ರೀ ರಾಮಸೇವಾ ಮಂಡಳಿಯನ್ನು ಸ್ಥಾಪಿಸಿದ ಮೇಲೆ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಬಯಲು ರಾಮನವಮಿಯ ಕಚೇರಿಗಳಿಂದ ಪ್ರಸಿದ್ಧವಾಯಿತು. ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಚಪ್ಪರವದು.

ಆದರೆ ಚಪ್ಪರದೊಳಗಿನ ಕುರ್ಚಿಗಳಷ್ಟೇ ಸಭೆಯಲ್ಲ. ಟಿಕೆಟ್ಟು ಕೊಳ್ಳಲಾಗದವರು ರಸ್ತೆಬದಿಯಲ್ಲಿ ಚಾಪೆಯನ್ನೋ ಹಳೆಯ ಪತ್ರಿಕೆಯನ್ನೋ ಹಾಸಿ, ಮಕ್ಕಳುಮರಿಗಳೊಡನೆ ಕುಳಿತು ಕೇಳುತ್ತಿದ್ದರು. ಗೋಡೆಯಿಲ್ಲದೆಡೆ ರಾಗಕ್ಕೆ ದ್ವಾರಪಾಲಕರುಂಟೆ? ಬಿರುಬೇಸಗೆಯ ಆ ಔದಾರ್ಯ ಮುಚ್ಚಿದ ಸಭಾಂಗಣಗಳಿಗೆಲ್ಲಿಯದು!

ಬಯಲಿಗೆ ತೊಡಕೂ ಉಂಟು. ಏಪ್ರಿಲಿನ ಮಾವಿನ ಮಳೆ ಸುಳಿದರೆ, ತೇವಕ್ಕೆ ಮೃದಂಗದ ಚರ್ಮ ಸಡಿಲಿ ಶ್ರುತಿ ಇಳಿಯುತ್ತದೆ. ವಿದ್ವಾಂಸರು ಅಂಚನ್ನು ಕಲ್ಲಿನಿಂದ ತಟ್ಟಿ ಸರಿಪಡಿಸುವವರೆಗೆ ಒಳಗಿನವರಂತೆಯೇ ಹೊರಗಿನವರೂ ಕಾಯಬೇಕು.