ಬತ್ತಿದ ಕೆರೆ ಬರಿದಲ್ಲ

ಏಪ್ರಿಲ್ ಹೊತ್ತಿಗೆ ಬಯಲುಸೀಮೆಯ ಎಷ್ಟೋ ಕೆರೆಗಳ ಅಂಗಳ ಬಿರುಕು ಬಿಟ್ಟಿರುತ್ತದೆ. ನೀರಿಲ್ಲದ ಮೇಲೆ ಜೀವವೆಲ್ಲಿಂದ ಬರಬೇಕು ಎಂದುಕೊಂಡು ನಾವು ಅತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಆ ಬಿರುಕುಗಳ ಅಡಿಯಲ್ಲಿ, ತೇವ ಆರದ ಮಣ್ಣಿನಲ್ಲಿ, ಕೆರೆಯಾಮೆ ಹಿಂಗಾಲುಗಳನ್ನು ಒಳಕ್ಕೆಳೆದುಕೊಂಡು ಹೊಟ್ಟೆಯ ಚಿಪ್ಪಿನ ಮಡಿಕೆಗಳನ್ನು ಅವುಗಳ ಮೇಲೆ ಮುಚ್ಚಿಕೊಂಡು ಹುದುಗಿರುತ್ತದೆ. ಕೆರೆಯ ದೊಡ್ಡ ಬಸವನಹುಳು ಸುಣ್ಣದಂಥ ಗಟ್ಟಿ ಮುಚ್ಚಳವನ್ನು ಬಾಯಿಗೆ ಬಿಗಿದುಕೊಂಡಿರುತ್ತದೆ. ಅದಕ್ಕೆ ಕಿವಿರೂ ಉಂಟು, ಗಾಳಿಯ ಚೀಲವೂ ಉಂಟು. ನೀರಿದ್ದಾಗ ಎರಡೂ, ನೀರು ಹೋದಾಗ ಚೀಲವೊಂದೇ. ಬಿಲ ತೋಡುವ ಕಪ್ಪೆಯ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟಿದೆ. ಅದು ಮಣ್ಣನ್ನು ಅತ್ತಿತ್ತ ತಳ್ಳುತ್ತ ಹಿಮ್ಮುಖವಾಗಿ ಇಳಿಯುತ್ತದೆ. ಕೊನೆಗೆ ಕಣ್ಣೆರಡು ಮಾತ್ರ ಕಾಣುತ್ತವೆ, ಆಮೇಲೆ ಅವೂ ಇಲ್ಲ.

ಇದನ್ನು ಗ್ರೀಷ್ಮನಿದ್ರೆ ಎನ್ನುತ್ತೇವಾದರೂ ಇದು ಮೈಮರೆತ ವಿಶ್ರಾಂತಿಯಲ್ಲ, ಅತ್ಯಂತ ಕಟ್ಟುನಿಟ್ಟಾದ ಮಿತವ್ಯಯ. ಆಫ್ರಿಕಾದ ಶ್ವಾಸಕೋಶದ ಮೀನನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನೀರು ಇಂಗಿದಾಗ ಅದು ಕೆಸರು ಕೊರೆದು ಒಳಸೇರಿ, ಮೈಯ ಲೋಳೆಯಿಂದಲೇ ಸುತ್ತ ಒಂದು ಕೋಶ ಕಟ್ಟಿಕೊಳ್ಳುತ್ತದೆ. ಬಾಯಿಯ ಬಳಿ ಉಸಿರಿಗೆ ಸಣ್ಣದೊಂದು ತೂತು ಮಾತ್ರ. ವಿಷವಾದ ಅಮೋನಿಯಾವನ್ನು ಹೊರಹಾಕಲು ನೀರಿಲ್ಲ, ಹಾಗಾಗಿ ಅದನ್ನು ಯೂರಿಯಾ ಮಾಡಿ ಮೈಯಲ್ಲೇ ಕೂಡಿಡುತ್ತದೆ. ತನ್ನ ಮಾಂಸಖಂಡವನ್ನೇ ಕರಗಿಸಿ ಬದುಕುತ್ತದೆ.

ಇಷ್ಟು ಗಟ್ಟಿ ಜೀವಗಳ ಬಗ್ಗೆ ಚಿಂತೆ ಏಕೆ ಎಂದು ಯಾರಾದರೂ ಕೇಳಬಹುದು. ಈಜಿಪ್ಟಿನ ಮರುಭೂಮಿಯ ಬಸವನಹುಳುವೊಂದನ್ನು ಸತ್ತಿದೆಯೆಂದು ಬ್ರಿಟಿಷ್ ಮ್ಯೂಸಿಯಂನವರು 1846ರಲ್ಲಿ ರಟ್ಟಿಗೆ ಅಂಟಿಸಿಟ್ಟಿದ್ದರು. 1850ರಲ್ಲಿ ಬೆಚ್ಚನೆಯ ನೀರಿಗೆ ಹಾಕಿದಾಗ ಅದು ಎದ್ದು ಹರಿದಾಡಿತು. ನಿಜ. ಆದರೆ ಅದನ್ನು ಉಳಿಸಿದ್ದು ಯಾರೂ ಕೆದಕದೆ ಬಿಟ್ಟದ್ದು. ಮಲಗಿದ ಪ್ರಾಣಿ ಬರಗಾಲವನ್ನು ಎದುರಿಸಲು ಸಜ್ಜಾಗಿದೆ, ಕೆರೆಯ ಹೂಳೆತ್ತಲು ಬರುವ ಹಿಟಾಚಿಯ ಬಕೆಟ್ಟನ್ನಲ್ಲ. ಅದು ಓಡಲಾರದು. ಎಳೆದು ಬಿಸಿಲಿಗೆ ಹಾಕಿದರೆ, ತಿಂಗಳುಗಟ್ಟಲೆ ಕಾಪಾಡಿಕೊಂಡ ತೇವ ಬೇಗನೆ ಆರಿಹೋಗುತ್ತದೆ.

ಹಾಗಾದರೆ ಹೂಳು ತೆಗೆಯುವುದೇ ಬೇಡವೆ? ಬೇಕೇ ಬೇಕು. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ, ನೀರು ನಿಲ್ಲದಿದ್ದರೆ ಆಮೆಗೂ ನೆಲೆಯಿಲ್ಲ. ಕೆರೆ ಒಣಗಿದಾಗಲೇ ಆ ಕೆಲಸ ಆಗಬೇಕೆಂಬುದೂ ಸರಿ. ನನ್ನ ತಕರಾರು ವೇಗದ ಬಗ್ಗೆ ಮತ್ತು ಇಡೀ ಅಂಗಳವನ್ನು ಒಮ್ಮೆಗೇ ಬಾಚುವುದರ ಬಗ್ಗೆ. ರೈತರು ಗಾಡಿ ಕಟ್ಟಿ ಹೊಲಕ್ಕೆ ಗೋಡು ಹೊಡೆಯುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಕೆರೆಯ ಒಂದು ಮೂಲೆ ತಗ್ಗಾಗುತ್ತಿತ್ತು, ಉಳಿದದ್ದು ಹಾಗೇ ಇರುತ್ತಿತ್ತು. ಈಗ ಟಿಪ್ಪರುಗಳು ಸಾಲುಗಟ್ಟಿದರೆ ಕೆಲವೇ ದಿನಗಳಲ್ಲಿ ಗಟ್ಟಿನೆಲ ಕಾಣುತ್ತದೆ. ಕೆರೆಯಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದು ಎಚ್ಚರವಿರುವ ಆಮೆಗೆಷ್ಟೋ ಮಣ್ಣಿನೊಳಗಿನದಕ್ಕೂ ಅಷ್ಟೇ ಸಲ್ಲಬೇಕು.

ಬಸವನಹುಳುಗಳು ಮೇಲಿನ ಕೆರೆಯಿಂದ ಕೋಡಿ ನೀರಿನ ಜೊತೆ ಮತ್ತೆ ಬರುತ್ತವೆ ಎಂಬ ಸಮಾಧಾನವೂ ಉಂಟು. ಕೆರೆಯಿಂದ ಕೆರೆಗೆ ಕಾಲುವೆ ಉಳಿದಿದ್ದರೆ ಬರಬಹುದು. ಎಷ್ಟೋ ಕಡೆ ಆ ಕಾಲುವೆಗಳ ಮೇಲೆ ಈಗ ಲೇಔಟುಗಳಿವೆ. ಆದ್ದರಿಂದ ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಘನ ಮೀಟರುಗಳ ಲೆಕ್ಕದ ಜೊತೆಗೆ ಇನ್ನೊಂದು ಷರತ್ತು ಸೇರಬೇಕು: ಕೊನೆಗೆ ಬತ್ತುವ ತಗ್ಗಿನ ಭಾಗವನ್ನು ಈ ಬೇಸಿಗೆ ಮುಟ್ಟಬಾರದು, ಬೇರೆ ಭಾಗದಲ್ಲಿ ತೇವದ ಪದರ ಸಿಕ್ಕಲ್ಲಿ ಯಂತ್ರ ನಿಲ್ಲಿಸಿ, ಸಲಿಕೆಯಿಂದ ಬಿಡಿಸಿ ನೋಡಿ, ಸಿಕ್ಕ ಜೀವಗಳನ್ನು ಆ ತಗ್ಗಿಗೇ ಒಯ್ದು ಮಣ್ಣು ಮುಚ್ಚಬೇಕು.